ಅಲುಗದ ಅಂಗೈ

ವಿಭೂತಿಗೆ ವಾಸನೆಯೇ ಇಲ್ಲ ಎನ್ನುವವರಿದ್ದಾರೆ. ಇದೆ. ಒಣಗಿದ ಮಣ್ಣಿನ ಗೋಡೆಗೆ ನೀರು ಚಿಮುಕಿಸಿದಾಗ ಬರುವಂಥ ತಣ್ಣಗಿನ ವಾಸನೆ ಅದು. ನಿನ್ನೆ ಮಧ್ಯಾಹ್ನ ಮಗಳ ಹಳೆಯ ಸ್ಕ್ಯಾನ್ ಫಿಲ್ಮುಗಳಿಗಾಗಿ ಅಲಮಾರಿಯ ಮೇಲಿನ ದೊಡ್ಡ ಲಕೋಟೆಯನ್ನು ಇಳಿಸಿದೆ. ಫಿಲ್ಮುಗಳನ್ನು ಹೊರಗೆಳೆದಾಗ ಒಂದು ವಿಭೂತಿ ಗಟ್ಟಿ ಜಾರಿ ಮಡಿಲಿಗೆ ಬಿತ್ತು. ಅದರ ಒಂದು ಮೂಲೆ ಸವೆದಿತ್ತು. ಮೂಗಿನ ಹತ್ತಿರ ಹಿಡಿದೆ... ಪಕ್ಕದ ಮನೆಯ ದೊಡ್ಡಮ್ಮ ಬೆನ್ನ ಹಿಂದೆ ಬಂದು ನಿಂತಂತಾಯಿತು.

ಆಕೆ ನಮಗೆ ಬಂಧುವಲ್ಲ. ಸಿರುಗುಪ್ಪದಲ್ಲಿ ನನ್ನ ಗಂಡ ಕೆಲಸ ಮಾಡುವ ಅಕ್ಕಿ ಗಿರಣಿಯ ಹಿಂದಿನ ಓಣಿಯಲ್ಲಿ ಆಕೆಯ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ತವರು ಕುರುಗೋಡು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಇದ್ದಳು. ಮಾತು ಖಾರ. ಕೊರಳಲ್ಲಿ ದಾರಕ್ಕೆ ಕಟ್ಟಿದ ಬೆಳ್ಳಿಯ ಕರಡಿಗೆ, ಅದರೊಳಗೆ ಆಕೆಯ ಲಿಂಗ. ಅದು ಮೈಮೇಲಿಲ್ಲದೆ ಆಕೆ ಒಂದು ಗುಟುಕು ನೀರು ಕುಡಿದವಳಲ್ಲ. ಪೂಜೆಗೆಂದು ಅಂಗೈಗೆ ತೆಗೆದುಕೊಳ್ಳುತ್ತಿದ್ದಳೇ ಹೊರತು ಇನ್ನೊಬ್ಬರ ಕೈಗೆ ಕೊಟ್ಟದ್ದನ್ನು ಯಾರೂ ಕಂಡಿರಲಿಲ್ಲ. ನಮ್ಮ ಮನೆಯಲ್ಲಿ ಲಿಂಗ ಕಟ್ಟುವ ಪದ್ಧತಿ ಇಲ್ಲ. ನನಗೆ ಅದೆಲ್ಲ ದೂರದಿಂದ ನೋಡಿ ಗೊತ್ತಿದ್ದದ್ದು.

ನನ್ನ ಮಗಳಿಗೆ ಆಗ ನಾಲ್ಕು ವರ್ಷ. ಬೆಳಿಗ್ಗೆ ಎದ್ದವಳೇ ಆ ಮನೆಗೆ ಓಡುತ್ತಿದ್ದಳು. ದೊಡ್ಡಮ್ಮ ಸ್ನಾನ ಮುಗಿಸಿ, ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಅದನ್ನೇ ನೋಡುತ್ತ ಕೂರುವ ಹೊತ್ತು ಅದು. ಮಗಳು ಎದುರು ಕೂತು ತಾನೂ ಎಡಗೈ ಚಾಚುತ್ತಿದ್ದಳು. ಅದರ ಮೇಲೆ ದೊಡ್ಡಮ್ಮ ಈ ವಿಭೂತಿ ಗಟ್ಟಿ ಇಡುತ್ತಿದ್ದಳು. "ಕಣ್ಣು ಮಿಟುಕಿಸಿದ್ರ ನಡೀತೈತಿ ಪಾಪಾ, ಕೈ ಅಲುಗಿದ್ರ ನಡಿಯಂಗಿಲ್ಲ." ಊಟಕ್ಕೆ ಕೂಗಿದರೆ ಇಬ್ಬರೂ ತಿರುಗುತ್ತಿರಲಿಲ್ಲ.

ಆ ವರ್ಷ ಮಗಳಿಗೆ ಬೆಳಿಗ್ಗೆ ಬೆಳಿಗ್ಗೆ ತಲೆನೋವು, ವಾಂತಿ ಶುರುವಾಯಿತು. ಆಮೇಲೆ ಒಂದು ಕಣ್ಣು ಮೂಗಿನ ಕಡೆಗೆ ಸರಿಯತೊಡಗಿತು. ಬಳ್ಳಾರಿಯ ಡಾಕ್ಟರು ಕಣ್ಣಿಗೆ ಟಾರ್ಚು ಬಿಟ್ಟು ನೋಡಿದರು, ಇನ್ನೊಮ್ಮೆ ನೋಡಿದರು, ತಡಮಾಡದೆ ತಲೆಯ ಎಮ್ಮಾರೈ ಮಾಡಿಸಿ ಎಂದರು. ಆ ಎರಡನೆಯ ಸಲ ನೋಡಿದ್ದೇ ನನಗೆ ಸಾಕಾಗಿತ್ತು.

ಮೊದಲ ಸಲ ಹೋದಾಗ ಆ ಯಂತ್ರದ ಬಾಯಿ ನೋಡಿದ್ದೇ ಮಗಳು ಕಿರುಚಿದಳು. ಸುಮಾರು ಅರ್ಧ ಗಂಟೆ ತಲೆ ಅಲುಗಬಾರದು, ಅಲುಗಿದರೆ ಚಿತ್ರ ಕಲಸಿಹೋಗುತ್ತದೆ. ಅರಿವಳಿಕೆ ಕೊಟ್ಟು ಮಲಗಿಸೋಣವೆಂದರೆ ಅವಳಿಗೆ ಎದೆ ತುಂಬ ಕಫ. ಅರಿವಳಿಕೆಯ ಡಾಕ್ಟರು ಸ್ಟೆತಾಸ್ಕೋಪು ಕಿವಿಯಿಂದ ತೆಗೆದು, ಈ ಉಸಿರಿನಲ್ಲಿ ಬೇಡ, ಎದೆ ತಿಳಿಯಾಗುವವರೆಗೆ ಕಾಯಬೇಕು ಎಂದರು. ಕಾಯಬಾರದು ಎಂದು ಒಬ್ಬರು, ಕಾಯಬೇಕು ಎಂದು ಒಬ್ಬರು. ನಾನು ನಡುವೆ ನಿಂತಿದ್ದೆ, ಹೊಟ್ಟೆಯಲ್ಲಿ ಆರು ತಿಂಗಳು. ಸ್ಕ್ಯಾನ್ ಮಾಡುವ ಟೆಕ್ನಿಷಿಯನ್ ಹುಡುಗಿ ನನ್ನನ್ನು ಪಕ್ಕಕ್ಕೆ ಕರೆದಳು. ಯಂತ್ರದ ಸದ್ದನ್ನು ನನ್ನ ಫೋನಿಗೆ ಹಾಕಿಕೊಟ್ಟಳು. "ಅಕ್ಕಾ, ಮನ್ಯಾಗ ಆಟ ಆಡ್ಸಿ ರೂಢಿ ಮಾಡ್ರಿ. ಆಕಿ ತಾನಾ ಸುಮ್ನ ಮಲಗಿದ್ರ ಮದ್ದು ಬ್ಯಾಡ, ಏನೂ ಬ್ಯಾಡ. ನಾಡಿದ್ದು ಬರ್ರಿ."

ದೊಡ್ಡಮ್ಮನಿಗೆ ಹೇಳಿದೆ. ಫೋನಿನ ಸದ್ದು ಕೇಳಿ ಆಕೆ ನಕ್ಕಳು. "ಇದೇನಲೇ ಪಾಪಾ, ನಿಮ್ಮಪ್ಪನ ಗಿರಣಿ ಕೆಟ್ಟು ನಿಂತಂಗ ಐತಿ!" ಮಂಚಕ್ಕೆ ಕಂಬಳಿ ಇಳಿಬಿಟ್ಟು ಕೆಳಗೆ ಗುಹೆ ಮಾಡಿದಳು. ಮಗಳು ಅಂಗಾತ ಮಲಗಿದಳು, ಎಡಗೈ ಪಕ್ಕಕ್ಕೆ ಚಾಚಿ, ಅಂಗೈ ಮೇಲೆ ಗಟ್ಟಿ. ಫೋನು ಟಕಟಕ ಬಡಿಯುತ್ತಿತ್ತು. ದೊಡ್ಡಮ್ಮ ಹೊರಗೆ ಕೂತು ಅವಳ ಪಾದ ಹಿಡಿದಿದ್ದಳು. ಮೊದಲು ಗಟ್ಟಿ ಬಿತ್ತು. ಮತ್ತೆ ಬಿತ್ತು. ಮರುದಿನ ಸಂಜೆ ಬೀಳಲಿಲ್ಲ.

ಗಂಡನಿಗೆ ಗಿರಣಿಯ ಸುಗ್ಗಿ, ರಜೆ ಸಿಗಲಿಲ್ಲ. ನಾವು ಮೂವರೇ ಬೆಳಗಿನ ಬಸ್ಸಿಗೆ ಹೊರಟೆವು. ಗರ್ಭಿಣಿಯರನ್ನು ಯಂತ್ರದ ಕೋಣೆಗೆ ಬಿಡುವುದಿಲ್ಲ ಎಂದು ಮೊದಲೇ ಹೇಳಿದ್ದರು, ಹಾಗಾಗಿ ಒಳಗೆ ಹೋಗಬೇಕಾದವಳು ದೊಡ್ಡಮ್ಮ. ಓಲೆ, ಮೂಗುಬೊಟ್ಟು, ಪಿನ್ನು ಎಲ್ಲ ಬಿಚ್ಚಿ ನನ್ನ ಚೀಲಕ್ಕೆ ಹಾಕಿದಳು. ಟೆಕ್ನಿಷಿಯನ್ ಹುಡುಗಿ ಆಕೆಯ ಕೊರಳು ತೋರಿಸಿದಳು.

"ಅಮ್ಮಾ, ಅದೂ ತೆಗೀಬೇಕ್ರಿ."

"ಇದು ಒಡವಿ ಅಲ್ಲವ್ವ."

"ಗೊತ್ರಿ. ಆದ್ರ ಒಳಗ ಲೋಹ ಹೋಗಂಗಿಲ್ಲ."

ದೊಡ್ಡಮ್ಮ ಕರಡಿಗೆ ತೆರೆದು, ಲಿಂಗವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಬೆಳ್ಳಿಯನ್ನು ನನಗೆ ಕೊಟ್ಟಳು. "ಈಗ ಇದು ಬರೇ ಕಲ್ಲು. ಕಲ್ಲಿಗೆ ಏನಾಗತೈತಿ?"

ಹುಡುಗಿ ತಲೆ ತಗ್ಗಿಸಿ ನಿಂತಳು. "ಈ ಕಲ್ಲಿನ ಒಳಗ ಏನು ತುಂಬ್ಯಾರೋ ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ತಪ್ಪು ತಿಳ್ಕೋಬ್ಯಾಡ್ರಿ, ನಾನು ಬಿಡಾಕ ಆಗಂಗಿಲ್ಲ." ಮಗಳ ಕೈಯ ವಿಭೂತಿ ಗಟ್ಟಿಯನ್ನೂ ಬೇಡವೆಂದಳು. ಪುಡಿ ಯಂತ್ರದೊಳಗೆ ಉದುರಬಾರದಂತೆ.

ಅದು ನಮಗಾರಿಗೂ ಹೊಳೆದಿರಲಿಲ್ಲ. ಎರಡು ದಿನ ಗಟ್ಟಿ ಇಟ್ಟುಕೊಂಡೇ ಅಭ್ಯಾಸ ಮಾಡಿಸಿದ್ದೆವು. ಮಗಳು ಅದನ್ನು ಎದೆಗೊತ್ತಿಕೊಂಡು ಅಳಲು ಶುರುಮಾಡಿದಳು, ಅಳುವಿನ ಜೊತೆ ಕೆಮ್ಮು. ಈ ಸಲವೂ ತಿರುಗಿ ಹೋಗುತ್ತೇವೆ ಅನ್ನಿಸಿತು. ಅಷ್ಟರಲ್ಲಿ ಆ ತಲೆಯೊಳಗೆ ಏನು ಬೆಳೆಯುತ್ತದೋ...

ದೊಡ್ಡಮ್ಮ ನನ್ನ ಎದುರು ಬಂದಳು. "ಎಡಗೈ ಚಾಚು" ಎಂದಳು. ಚಾಚಿದೆ. ಸುತ್ತಿದ್ದ ಬಿಳಿ ಬಟ್ಟೆ ಬಿಚ್ಚಿ ಲಿಂಗವನ್ನು ನನ್ನ ಅಂಗೈ ಮೇಲೆ ಇಟ್ಟಳು. ಆಕೆಯ ಬೆರಳು ಅದರ ಮೇಲಿಂದ ಏಳಲು ತಡಮಾಡಿತು. ಮತ್ತೆ ಮಗಳ ಕಡೆ ಬಗ್ಗಿದಳು.

"ನೋಡಲೇ, ನಂದು ನಿಮ್ಮವ್ವನ ಕೈಯಾಗ ಕೊಟ್ಟೆ. ನಿಂದೂ ಕೊಡು. ನಾವಿಬ್ರೂ ಬರಿಗೈಲೆ ಹೋಗೂಣು. ಇವತ್ತು ಆಟ ಆಕಿದು. ನೀನು ಒಳಗ ಅಲುಗಿದ್ರ ಹೊರಗ ಆಕಿ ಕೈ ಅಲುಗತೈತಿ."

ಮಗಳು ನನ್ನ ಅಂಗೈಯನ್ನೇ ನೋಡಿದಳು. ಮೂಗು ಒರೆಸಿಕೊಂಡಳು. "ಅವ್ವಗ ಬರಂಗಿಲ್ಲ" ಎಂದಳು.

"ಬರಂಗಿಲ್ಲ ಅಂತಾನಾ ಹೇಳಾಕತ್ತೀನಿ. ನೀನಾ ಕಲಸ್ಬೇಕು."

ಮಗಳು ಗಟ್ಟಿಯನ್ನು ನನ್ನ ಬಲಗೈಗೆ ಕೊಟ್ಟಳು.

ಗಾಜಿನ ಈಚೆ, ಟೆಕ್ನಿಷಿಯನ್ ಹುಡುಗಿಯ ಕುರ್ಚಿಯ ಹಿಂದೆ ನಾನು ನಿಂತೆ. ಕೂರು ಎಂದಳು, ಕೂರಲು ಧೈರ್ಯವಾಗಲಿಲ್ಲ. ಮಗಳ ತಲೆ ಯಂತ್ರದೊಳಗೆ ಮಾಯವಾಯಿತು. ಕಾಣುತ್ತಿದ್ದದ್ದು ಎರಡು ಸಣ್ಣ ಪಾದ, ಅವನ್ನು ಹಿಡಿದಿದ್ದ ದೊಡ್ಡಮ್ಮನ ಕೈಗಳು, ಕರಡಿಗೆ ಇಲ್ಲದ ಆಕೆಯ ಕೊರಳು. ಸದ್ದು ಶುರುವಾಯಿತು. ನನ್ನ ಅಂಗೈಯಲ್ಲಿ ಆ ಕಪ್ಪು ಲಿಂಗ ಮೊದಲು ತಣ್ಣಗಿತ್ತು, ಆಮೇಲೆ ನನ್ನ ಕೈಯಷ್ಟೇ ಬೆಚ್ಚಗಾಯಿತು. ಕೈ ಬೆವರಿತು. ಜಾರಿದರೆ ಎಂದು ಬೆರಳು ಮಡಚಲೂ ಹೆದರಿದೆ. ನಡುವೆ ಹೊಟ್ಟೆಯೊಳಗಿನ ಮಗು ಜೋರಾಗಿ ಒದ್ದಿತು. ಉಸಿರು ಬಿಗಿಹಿಡಿದೆ. ಕೈ ಅಲುಗಲಿಲ್ಲ. ಒಮ್ಮೆ ಮಗಳ ಹೆಬ್ಬೆರಳು ಮಿಸುಕಿತು. ದೊಡ್ಡಮ್ಮ ಅದನ್ನು ಮೆಲ್ಲಗೆ ಒತ್ತಿದಳು. ನಿಂತಿತು.

"ಛಲೋ ಬಂದೈತ್ರಿ" ಎಂದಳು ಹುಡುಗಿ, ಪರದೆಯಿಂದ ಕಣ್ಣು ತೆಗೆಯದೆ. ಆ ಮಾತಿನ ನಂತರವೂ ನನಗೆ ಕೈ ಇಳಿಸಲು ಆಗಲಿಲ್ಲ. ದೊಡ್ಡಮ್ಮನೇ ಬಂದು ತೆಗೆದುಕೊಂಡಳು.

ತಲೆಯೊಳಗೆ ನೀರು ಹರಿಯುವ ದಾರಿಗೆ ಒಂದು ಸಣ್ಣ ಗಂಟು ಅಡ್ಡ ಬಂದಿತ್ತು. ಬೇಗ ಗೊತ್ತಾಯಿತು ಎಂದರು. ಆಪರೇಷನ್ ಆಯಿತು, ಮಗಳು ಉಳಿದಳು. ಆದರೆ ಅಂದು ವಾಪಸು ಬರುವಾಗ, ಬಸ್ ನಿಲ್ದಾಣದಲ್ಲಿ ಚಹಾ ತಂದರೆ ದೊಡ್ಡಮ್ಮ ಬೇಡವೆಂದಳು. ನೀರೂ ಬೇಡವೆಂದಳು. ಸಿರುಗುಪ್ಪ ಮುಟ್ಟಿ, ಸ್ನಾನ, ಪೂಜೆ ಮುಗಿಯುವವರೆಗೆ ಆ ಬಿಸಿಲಲ್ಲಿ ಏನನ್ನೂ ಮುಟ್ಟಲಿಲ್ಲ. ನನ್ನಿಂದ ತಪ್ಪಾಯಿತೇನೋ ಎಂದು ಬಸ್ಸಿನಲ್ಲಿ ಕೇಳಿದ್ದೆ. ಆಕೆ ಕಿಟಕಿಯಾಚೆಯ ಗದ್ದೆ ನೋಡುತ್ತ ಹೇಳಿದಳು: "ಅದನ್ನ ನಾನು ಅವನ ಜೋಡಿ ಮಾತಾಡ್ಕೋತೀನಿ. ನೀ ಸುಮ್ಕ ಕುಂದ್ರು."

ಕೊನೆಗಾಲಕ್ಕೆ ತಮ್ಮನ ಮನೆ ಸೇರಿದಳು, ಕುರುಗೋಡಿನಲ್ಲೇ ತೀರಿಕೊಂಡಳು. ನಾನು ಹೋಗಿದ್ದೆ. ಅವರ ಪದ್ಧತಿಯಂತೆ ಆಕೆಯನ್ನು ಕೂರಿಸಿ ಮಣ್ಣು ಮಾಡಿದರು, ಎಡ ಅಂಗೈಯಲ್ಲಿ ಲಿಂಗವಿಟ್ಟು. ನಾನು ಮುಖ ನೋಡಲಿಲ್ಲ, ಆ ಕೈಯನ್ನೇ ನೋಡುತ್ತಿದ್ದೆ...

ಮಗಳು ಈಗ ನನ್ನ ಭುಜಕ್ಕೆ ಬಂದಿದ್ದಾಳೆ. ವರ್ಷಕ್ಕೊಮ್ಮೆ ಸ್ಕ್ಯಾನಿಗೆ ತಾನೇ ನಡೆದು ಹೋಗಿ ಮಲಗುತ್ತಾಳೆ, ಯಾರೂ ಪಾದ ಹಿಡಿಯಬೇಕಿಲ್ಲ. ಈ ವರ್ಷದ ಸರದಿಗೆ ಇನ್ನೂ ಸಮಯವಿತ್ತು. ಆದರೆ ಮೊನ್ನೆಯಿಂದ ಬೆಳಿಗ್ಗೆ ಎದ್ದಾಗ ತಲೆ ನೋಯುತ್ತದೆ ಎನ್ನುತ್ತಿದ್ದಾಳೆ. ಪರೀಕ್ಷೆಯ ಓದಿಗೆ ಇರಬಹುದು ಎಂದು ಗಂಡ ಹೇಳುತ್ತಾರೆ. ಇರಬಹುದು. ಡಾಕ್ಟರು ಮಾತ್ರ ಈಗಲೇ ಸ್ಕ್ಯಾನ್ ಮಾಡಿಸೋಣ, ಹಳೆಯ ಫಿಲ್ಮುಗಳನ್ನೂ ತನ್ನಿ ಎಂದಿದ್ದಾರೆ. ನಾಳೆ ಬಳ್ಳಾರಿಗೆ ಹೋಗಬೇಕು.

ನಿನ್ನೆ ಗಟ್ಟಿ ತೋರಿಸಿದಾಗ ಮಗಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. "ದೊಡ್ಡಮ್ಮಂದು" ಎಂದಳು, ಅಷ್ಟೇ. ಆಮೇಲೆ ನನ್ನ ಎಡಗೈ ಹಿಡಿದು, ಅಂಗೈ ಬಿಡಿಸಿ, ಅದರ ಮೇಲೆ ಇಟ್ಟಳು.

"ನಾಡಿದ್ದು ನೀನಾ ಹಿಡ್ಕೋ. ಅಲುಗಿಸ್ಬ್ಯಾಡ."

ಹೂಂ ಎಂದೆ. ದೊಡ್ಡಮ್ಮ ಇದ್ದಿದ್ದರೆ, ಆಟ ಮುಗಿದ ಮೇಲೆ ಬಂದು ಕೈಯಿಂದ ತೆಗೆದುಕೊಳ್ಳುತ್ತಿದ್ದಳು.