ಲೋಳೆಗೆ ದೃಷ್ಟಿ ತೆಗೆದದ್ದು

ಅಕ್ಕ ಹೋದಮೇಲೆ ಮನೆಗೆ ಬಂದವರೆಲ್ಲ ಅವಳ ತಾಳ್ಮೆ ಹೊಗಳಿದರು. ಲೋಳೆಯ ವಿಷಯ ಯಾರೂ ಎತ್ತಲಿಲ್ಲ. ನನಗೆ ಅದೇ ನೆನಪಾಗಿ ತಿಥಿ ಊಟದ ಪಂಕ್ತಿಯಲ್ಲಿ ನಗು ಬಂತು. ಕೆಮ್ಮಿದಂತೆ ಮಾಡಿದೆ.

ತೊಂಬತ್ತರ ದಶಕದ ಕೊನೆ. ಕೃಷ್ಣಮೂರ್ತಿಪುರಂನ ನಮ್ಮ ಹಿತ್ತಲಿನ ಬಾಳೆಬುಡದ ಮಣ್ಣು ಒಯ್ದು, ಅದರಲ್ಲಿದ್ದ ಬ್ಯಾಕ್ಟೀರಿಯಾವನ್ನು ಅಕ್ಕ ಪಿಎಚ್‌ಡಿಗೆಂದು ಬೆಳೆಸಿದ್ದಳು. ಅವು ಲೋಳೆ ಬಿಡುತ್ತಿದ್ದವು.

"ಇದು ಸಕ್ಕರೆಗಳ ಸರಪಳಿ ಕಣೋ."

"ಹಂಗಾದ್ರೆ ಪಾಯಸಕ್ಕೆ ಹಾಕು," ಅಂದರೆ ತಲೆಗೆ ಮೊಟಕುತ್ತಿದ್ದಳು.

ಜೀವಕೋಶ ಕೆಡದಂತೆ ಕಾಯುವ ಗುಣ ಆ ಲೋಳೆಗಿದೆಯೇ ಎಂದು ನೋಡಬೇಕಿತ್ತು. ನೇರಳೆ ಬಣ್ಣದ ದ್ರಾವಣಕ್ಕೆ ಬೆರೆಸಿ ಕತ್ತಲಲ್ಲಿಡುವುದು, ಗುಣವಿದ್ದರೆ ಹಳದಿಯಾಗುತ್ತದೆ. ಆಗದಿದ್ದರೆ ಬೇರೆ ವಿಷಯ ಹಿಡಿಯಿರಿ ಎಂದಿದ್ದರು ಅವಳ ಗೈಡು.

ಅವತ್ತು ಆಯುಧಪೂಜೆ. ಲ್ಯಾಬಿನ ಯಂತ್ರಗಳಿಗೆಲ್ಲ ಕುಂಕುಮ, ಚೆಂಡುಹೂ. ಅಮ್ಮನೂ ನಾನೂ ಹೋಗಿದ್ದೆವು. ಅಕ್ಕ ದ್ರಾವಣದ ಟ್ಯೂಬುಗಳನ್ನು ಬೀರುವಿನ ಕತ್ತಲಲ್ಲಿಟ್ಟು ಪ್ರಸಾದ ಹಂಚಲು ಹೋದಳು.

"ಇದಕ್ಕೇ ಅಲ್ವಾ ಇವಳು ಸೊರಗಿದ್ದು? ಯಾರದೋ ಕಣ್ಣು ಬಿದ್ದಿದೆ," ಎಂದ ಅಮ್ಮ, ಬೀರು ತೆಗೆದು ನಿಂಬೆಹಣ್ಣು ನಿವಾಳಿಸಿ, ಕೊಯ್ದು, ಎಲ್ಲ ಟ್ಯೂಬಿಗೂ ಹಿಂಡಿದಳು. ಪೂಜೆಯ ಪದ್ಧತಿ ಇರಬೇಕೆಂದು ನಾನು ಕೈಮುಗಿದೆ.

ಅಕ್ಕ ಬಂದು ಬೀರು ತೆಗೆದಳು. ಎಲ್ಲವೂ ಹಳದಿ! "ಬಂತು! ಬಂತು!" ಎಂದು ಅಮ್ಮನನ್ನು ತಬ್ಬಿ ಕುಣಿದಳು. ಗೈಡು ಮಾತ್ರ ಕೊನೆಯ ಟ್ಯೂಬು ಎತ್ತಿ ನೋಡಿದರು.

"ಹೋಲಿಸಿ ನೋಡೋಕೇಂತ ಇದಕ್ಕೆ ಲೋಳೆನೇ ಹಾಕಿಲ್ವಲ್ಲಮ್ಮ, ಇದ್ಯಾಕೆ ಹಳದಿ?"

ತಳದಲ್ಲಿ ನಿಂಬೆಯ ಬೀಜವಿತ್ತು.

"ನಾನೇ ಸಾರ್, ದೃಷ್ಟಿ ತೆಗ್ದೆ," ಎಂದಳು ಅಮ್ಮ, ಹೆಮ್ಮೆಯಿಂದ.

ನಿಂಬೆರಸಕ್ಕೂ ಅದೇ ಗುಣವಂತೆ.

"ಅಮ್ಮಾ, ಎಲ್ಲಾ ಹಾಳು ಮಾಡ್ಬುಟ್ಟೆ!"

"ಹಾಳೆಲ್ಲಿ? ಬಣ್ಣ ಬಂದ್ಬುಡ್ತಲ್ಲ!"

ಒಣಗಿಸಿಟ್ಟ ಲೋಳೆ ಡಬ್ಬಿಯ ತಳ ಕೆರೆದರೆ ಇನ್ನೊಂದು ಸಲಕ್ಕೆ ಸಾಲುವಷ್ಟಿತ್ತು. ಅಕ್ಕ ಆಗಲೇ ಮತ್ತೆ ಪ್ರಯೋಗಕ್ಕೆ ಕೂರಲು ಹೊರಟಳು. ಅಮ್ಮ ಅಡ್ಡ ನಿಂತಳು. "ಪೂಜೆ ಮಾಡಿದ ಆಯುಧ ಇವತ್ತು ಮುಟ್ಟಬಾರದು." ಗೈಡೂ ತಲೆಯಾಡಿಸಿದರು.

ಮರುದಿನ ಊರೆಲ್ಲ ಜಂಬೂಸವಾರಿಗೆ ಹೋದಾಗ ನಾವು ಲ್ಯಾಬಿಗೆ ಹೋದೆವು. ಅಮ್ಮನನ್ನು ಹೊರಗೆ ಸ್ಟೂಲಿನ ಮೇಲೆ ಕೂರಿಸಿ, ಅವಳ ಚೀಲ ತಡಕಿ ನೋಡಿಯೇ ಅಕ್ಕ ಕೆಲಸಕ್ಕೆ ಕೈಹಾಕಿದಳು.

ಅರ್ಧ ಗಂಟೆಗೆ ಬೀರು ತೆಗೆದಾಗ ಲೋಳೆ ಬೆರೆಸಿದವು ಹಳದಿಗೆ ತಿರುಗಿದ್ದವು. ಅಕ್ಕ ಕೂಗಲಿಲ್ಲ. ಲೋಳೆ ಹಾಕದ ಟ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿದು ನನ್ನನ್ನು ಹತ್ತಿರ ಕರೆದಳು. ಅಪ್ಪಟ ನೇರಳೆ.

"ನೋಡೋ, ಇದಕ್ಕೆ ಏನೂ ಆಗಿಲ್ಲ!" ಎಂದು ನಕ್ಕಳು.

ಏನೂ ಆಗದಿದ್ದುದಕ್ಕೆ ಅಷ್ಟು ಸಂತೋಷಪಟ್ಟ ಇನ್ನೊಬ್ಬರನ್ನು ನಾನು ಕಂಡಿಲ್ಲ.