ಔಲಿಯೋ ಗುಲ್ಮಾರ್ಗವೋ, ಹೂವು ಹೇಳಲಿ

ಬ್ಯಾಂಕಿನ ಕೆಲಸಕ್ಕೆ ಸೇರಿದ ಮೇಲೆ ನನಗೆ ಸಿಕ್ಕ ಎಲ್‌ಟಿಸಿಗಳನ್ನೆಲ್ಲ ದೇವರುಗಳೇ ನುಂಗಿ ಹಾಕಿದ್ದರು. ಸಂಸಾರ ಸಮೇತ ಊರು ಸುತ್ತಿ ಬಾ ಅಂತ ಬ್ಯಾಂಕಿನವರು ರಜ ಕೊಟ್ಟು, ರೈಲು ಚಾರ್ಜನ್ನೂ ಕೊಡುತ್ತಿದ್ದರು. ನಾನು ಸುತ್ತಿದ್ದೇನು? ಕಾಶಿ, ರಾಮೇಶ್ವರ, ಪುರಿ, ದ್ವಾರಕೆ. ಎಲ್ಲ ಕಡೆ ಅದೇ ಕ್ಯೂ, ಅದೇ ಒದ್ದೆ ಸೀರೆ, ಛತ್ರದ ರೂಮಿನಲ್ಲಿ ಸ್ಟೋವ್ ಹಚ್ಚಿ ಅದೇ ಅನ್ನ ಸಾರು. ಕತ್ರಿಗುಪ್ಪೆಯ ಮನೇಲಿ ದಿನಾ ಮಾಡೋ ಚಾಕರಿಯನ್ನೇ ಅಷ್ಟು ದೂರ ಹೋಗಿ ಮಾಡಿಬರೋದಕ್ಕೆ ನಮ್ಮನೇಲಿ ಪ್ರವಾಸ ಅಂತ ಹೆಸರು.

ಎರಡು ಸಾವಿರ ಇಸವಿ ದಾಟಿ ನಾಲ್ಕೈದು ವರ್ಷ ಆಗಿತ್ತು. ದೀಪಾವಳಿ ಮುಗಿದ ಮೇಲೆ ಒಂದು ದಿನ ಊಟಕ್ಕೆ ಕೂತಾಗ ಹೇಳಿಯೇ ಬಿಟ್ಟೆ. "ಈ ಸಲ ಗುಲ್ಮಾರ್ಗ. ಕಾಲಿಗೆ ಹಲಗೆ ಕಟ್ಕೊಂಡು ಹಿಮದ ಮೇಲೆ ಜಾರ್ತೀನಿ."

ನನ್ನ ಗಂಡ ಎತ್ತಿದ ತುತ್ತನ್ನು ಹಾಗೇ ಹಿಡಿದು ಕೂತುಬಿಟ್ಟರು. "ನಿಂಗೆ ಮಂಡಿನೋವು ಅಲ್ವೇನೆ?"

"ನೋವಿರೋದು ಹತ್ತೋಕೆ ಕಣ್ರೀ. ಇದು ಇಳಿಯೋ ಆಟ."

ತಮಾಷೆ ಹಾಗಿರಲಿ, ಆಸೆ ಮಾತ್ರ ನಿಜ. ಹೈಸ್ಕೂಲಿನಲ್ಲಿ ನೋಡಿದ ಸಿನಿಮಾಗಳಲ್ಲಿ ನಾಯಕಿಯರು ಬಣ್ಣದ ಸ್ವೆಟರ್ ಹಾಕಿಕೊಂಡು ಹಿಮದಲ್ಲಿ ಬಿದ್ದು ಬಿದ್ದು ನಗುತ್ತಿದ್ದರು. ನಮ್ಮನೇಲಿ ಹುಡುಗಿ ಬಿದ್ದರೆ, "ಕಣ್ಣು ಎಲ್ಲಿಟ್ಟಿದ್ದೆ?" ಅಂತ ಬೈಗುಳ. ಬಿದ್ದವಳು ನಗಬಹುದು ಅನ್ನೋದೇ ನನಗೆ ಸೋಜಿಗವಾಗಿತ್ತು. ನಲವತ್ತು ದಾಟಿದ್ದರೂ ಆ ಹುಚ್ಚು ಬಿಟ್ಟಿರಲಿಲ್ಲ.

ನಮ್ಮತ್ತೆ ಆವತ್ತು ತುಟಿ ಬಿಚ್ಚಲಿಲ್ಲ. ಅವರು ಸುಮ್ಮನಿದ್ದಾರೆ ಅಂದರೆ ಒಳಗೆ ಏನೋ ಬೇಯ್ತಿದೆ ಅಂತಲೇ ಅರ್ಥ. ಎರಡು ದಿನ ಬಿಟ್ಟು, ಕಾಫಿ ಲೋಟ ಕೆಳಗಿಟ್ಟು ಶುರುಮಾಡಿದರು.

"ಔಲಿ ಅಂತ ಒಂದಿದೆಯಂತೆ. ಅಲ್ಲೂ ಜಾರ್ತಾರಂತೆ."

ಅಯ್ಯೋ, ನಮ್ಮತ್ತೆ ಬಾಯಲ್ಲಿ ಸ್ಕೀಯಿಂಗು! ವಿಚಾರಿಸಿದರೆ ಗುಟ್ಟು ಹೊರಗೆ ಬಿತ್ತು. ಔಲಿಗೆ ಹೋಗಬೇಕಾದರೆ ಜೋಶಿಮಠಕ್ಕೆ ಹೋಗಿ, ಅಲ್ಲಿಂದ ತಂತಿ ಮೇಲೆ ತೂಗಾಡೋ ಡಬ್ಬದಲ್ಲಿ ಕೂರಬೇಕು. ಆ ಜೋಶಿಮಠದಲ್ಲಿ ನರಸಿಂಹಸ್ವಾಮಿ ಗುಡಿ. ನರಸಿಂಹ ನಮ್ಮ ಮನೆದೇವರು. ಚಳಿಗಾಲದಲ್ಲಿ ಬದರಿ ಬಾಗಿಲು ಹಾಕಿದ ಮೇಲೆ ಅಲ್ಲಿನ ಪೂಜೆಯೂ ಈ ಗುಡಿಗೇ ಬರುತ್ತಂತೆ. ಅಲ್ಲಿಗೆ, ಹಿಮದ ನೆಪದಲ್ಲಿ ಇನ್ನೊಂದು ತೀರ್ಥಯಾತ್ರೆ.

ನನಗೆ ಮೈಯೆಲ್ಲ ಉರಿದುಹೋಯಿತು. ಔಲಿಗೆ ಹೋದರೆ ಏನಾಗುತ್ತೆ ಅಂತ ನನಗೆ ಗೊತ್ತಿಲ್ವೇ? ಬೆಳಗ್ಗೆ ದರ್ಶನ, ಮಧ್ಯಾಹ್ನ ಮಡಿ ಅಡುಗೆ, ಸಂಜೆ ಮಂಗಳಾರತಿ. ಜಾರೋ ಹೊತ್ತಿಗೆ ವಾಪಸ್ ರೈಲು. ಗುಲ್ಮಾರ್ಗದ ದೊಡ್ಡ ಸೊಗಸೇ ಅದು, ಅಲ್ಲಿ ನಮ್ಮ ಮನೆದೇವರಿಲ್ಲ!

ಒಂದು ವಾರ ಮನೇಲಿ ಮಹಾಯುದ್ಧ. "ಕಾಶ್ಮೀರದಲ್ಲಿ ಗಲಾಟೆ," ಅಂದರು ಅತ್ತೆ. "ಈಗ ಎಲ್ಲರೂ ಹೋಗ್ತಿದಾರೆ," ಅಂದೆ. "ಔಲಿ ದಾರಿಯಲ್ಲಿ ಗುಡ್ಡ ಕುಸಿಯುತ್ತೆ," ಅಂದೆ. "ಸ್ವಾಮಿ ಇದಾನೆ, ನೋಡ್ಕೋತಾನೆ," ಅಂದರು. ನನ್ನ ಗಂಡ ಮಾತ್ರ ಜಾಣ. ನನ್ನ ಹತ್ತಿರ ಗುಲ್ಮಾರ್ಗ ಅನ್ನೋರು, ಅವರಮ್ಮನ ಹತ್ತಿರ ಔಲಿ ಅನ್ನೋರು, ಜಗಳ ಜೋರಾದರೆ ತರಕಾರಿ ತರ್ತೀನಿ ಅಂತ ಚೀಲ ಹಿಡಿದು ಹೊರಟುಬಿಡೋರು. ಆ ವಾರ ತಂದ ಬದನೆಕಾಯಿ ನೋಡಿದರೆ ಮದುವೆ ಮನೆಗೆ ಸಾಕಾಗುತ್ತಿತ್ತು.

ಕೊನೆಗೆ ಅತ್ತೆ ತಮ್ಮ ಬ್ರಹ್ಮಾಸ್ತ್ರ ತೆಗೆದರು. "ಹೂ ಪ್ರಸಾದ ಕೇಳೋಣ."

ಮನೆ ಕೊಳ್ಳೋದಿರಲಿ, ಆಪರೇಷನ್ ಇರಲಿ, ಅತ್ತೆ ಹೂ ಕೇಳದೆ ಹೆಜ್ಜೆ ಇಟ್ಟವರಲ್ಲ. ಹನುಮಂತನಗರದ ಒಂದು ಸಣ್ಣ ಆಂಜನೇಯನ ಗುಡಿ ಅವರ ಸುಪ್ರೀಂ ಕೋರ್ಟು. ಅರ್ಚಕರು ದೇವರ ಎರಡೂ ಭುಜಕ್ಕೆ ಒದ್ದೆ ಹೂವು ಅಂಟಿಸುತ್ತಾರೆ. ನಾವು ಮನಸ್ಸಿನಲ್ಲಿರೋದನ್ನ ಕೇಳಿಕೊಂಡು ಕಾಯಬೇಕು. ಬಲಗಡೆ ಹೂವು ಬಿದ್ದರೆ ಆಗಲಿ, ಎಡಗಡೆ ಬಿದ್ದರೆ ಬೇಡ. ಅದಕ್ಕೆ ಅಪೀಲಿಲ್ಲ. ನಾನು ಒಪ್ಪಿಕೊಂಡೆ. ಒಪ್ಪದಿದ್ದರೆ ಸೊಸೆಗೆ ದೇವರ ಮೇಲೂ ನಂಬಿಕೆ ಇಲ್ಲ ಅನ್ನೋ ಮಾತು ಬರುತ್ತಿತ್ತು.

ಶನಿವಾರ ಬೆಳಗ್ಗೆ ಅತ್ತೆ, ನಾನು ಇಬ್ಬರೇ ಹೋದೆವು. ಅರ್ಚಕರು ಕೇಳಿದರು, "ವಿಷಯ ಏನಮ್ಮಾ? ಮದುವೆನಾ, ಸೈಟಾ?"

"ಸೊಸೆ ಹಿಮದ ಮೇಲೆ ಜಾರಬೇಕಂತೆ," ಅಂದರು ಅತ್ತೆ. "ಅದಕ್ಕೆ ಗುಲ್ಮಾರ್ಗಕ್ಕೆ ಹೋಗಬಹುದಾ ಅಂತ ಕೇಳಿ. ಬೇಡ ಅಂದ್ರೆ ಔಲಿ."

ಪಾಪ, ಅರ್ಚಕರು ನನ್ನನ್ನು ಅಡಿಯಿಂದ ಮುಡಿತನಕ ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, ಸಂಕಲ್ಪದ ಮಧ್ಯೆ ಅದೇನೋ "ಹಿಮಪ್ರದೇಶ ಗಮನ" ಅಂತ ಸೇರಿಸಿ ಹೂವು ಅಂಟಿಸಿದರು.

ಕೈಮುಗಿದು ನಿಂತೆ. ಇಷ್ಟು ಹೊತ್ತು ಆಡಿಕೊಂಡವಳು ಈಗ ಬಲಗಡೆ ಹೂವನ್ನೇ ದಿಟ್ಟಿಸಿದೆ. ಆಂಜನೇಯಾ, ನೀನೇ ಸಮುದ್ರ ಹಾರಿದವನು, ನನ್ನನ್ನ ಒಂದು ಗುಡ್ಡ ಜಾರೋಕೆ ಬಿಡಪ್ಪಾ, ಒಂದೇ ಒಂದು ಸಲ, ಅಂತ ನಿಜಕ್ಕೂ ಬೇಡಿಕೊಂಡೆ.

ಎಡಗಡೆ ಹೂವು ಬಿತ್ತು.

ಕಣ್ಣು ತುಂಬಿಕೊಂಡು ದೀಪ ಎರಡೆರಡಾಗಿ ಕಾಣುತ್ತಿತ್ತು. ಅತ್ತೆ ಗೆದ್ದ ಖುಷಿಯಲ್ಲಿ ಗಲ್ಲ ಗಲ್ಲ ಬಡಿದುಕೊಳ್ಳುತ್ತಾರೆ ಅಂತ ಕಾಯುತ್ತಿದ್ದೆ.

"ಇದು ಲೆಕ್ಕಕ್ಕಿಲ್ಲ," ಅಂದರು ಅತ್ತೆ. "ಫ್ಯಾನ್ ಗಾಳಿಗೆ ಬಿತ್ತು."

ಅರ್ಚಕರು ಮೇಲೆ ನೋಡಿದರು. "ಫ್ಯಾನು ಆ ಮೂಲೇಲಿದೆಯಲ್ಲಮ್ಮಾ. ಬೇಕಾದ್ರೆ ಆರಿಸಿ ಇನ್ನೊಂದ್ಸಲ ಕೇಳೋಣ."

"ಬೇಡ ಬಿಡಿ. ದೇವರಿಗೆ ಅದೆಷ್ಟು ಸಲ ತೊಂದ್ರೆ ಕೊಡೋದು? ಗುಲ್ಮಾರ್ಗಕ್ಕೆ ಹೋಗ್ಲಿ." ತೀರ್ಥ ತಗೊಂಡು, ಮಂಗಳಾರತಿ ತಟ್ಟೆಗೆ ಕಾಸು ಹಾಕಿ, ಅತ್ತೆ ಹೊರಟೇಬಿಟ್ಟರು.

ನಾನು ಅವರ ಹಿಂದೆ ಓಡಿದೆ. ಚಪ್ಪಲಿ ಬಿಟ್ಟ ಜಾಗದಲ್ಲಿ ಹಿಡಿದು ನಿಲ್ಲಿಸಿದೆ. "ಏನತ್ತೆ ಇದು? ನಿಮಗೆ ಬೇಕಾಗಿದ್ದೇ ಬಂತಲ್ಲ. ದೇವರ ಮಾತನ್ನ ಹೀಗೆ ಮೀರಿದ್ರೆ ಏನಾದ್ರೂ ಕೆಟ್ಟದಾಗಲ್ವಾ?"

ಅತ್ತೆ ಗೋಡೆ ಹಿಡಿದುಕೊಂಡು ಚಪ್ಪಲಿಗೆ ಕಾಲು ತೂರಿಸುತ್ತಿದ್ದರು. ತಲೆ ಎತ್ತಲಿಲ್ಲ.

"ನಿನ್ನನ್ನ ಸೊಸೆ ಮಾಡ್ಕೊಳ್ಳೋ ಮುಂಚೆನೂ ಇಲ್ಲೇ ಬಂದು ಕೇಳಿದ್ದೆ ಕಣೆ. ಎಡಗಡೇದೇ ಬಿತ್ತು. ಆಗ ಇಲ್ಲಿ ಫ್ಯಾನೂ ಇರ್ಲಿಲ್ಲ."

"ಮತ್ತೆ?"

"ಮತ್ತೇನು? ನೀನು ಇಷ್ಟ ಆಗಿದ್ದೆ. ಮನೆಗೆ ಹೋಗಿ ಬಲಗಡೆ ಬಿತ್ತು ಅಂದೆ."