ಬೀರುವಿನೊಳಗಿನ ಸಕ್ಕರೆ ಡಬ್ಬಿ

ಮೊದಲು ಎದ್ದದ್ದು ಒಂದು ಗುಳ್ಳೆ. ನಮ್ಮ ಯಜಮಾನರ ಬಲಗಾಲಿನ ಹೆಬ್ಬೆರಳ ಪಕ್ಕದಲ್ಲಿ, ಕಡಲೆಕಾಳಿನಷ್ಟು.

ಮಗಳು ರೂಪಾ ರಾಜರಾಜೇಶ್ವರಿನಗರದಲ್ಲಿ ಫ್ಲ್ಯಾಟ್ ಕೊಂಡಿದ್ದಳು. ಗೃಹಪ್ರವೇಶಕ್ಕೆಂದು ಅಪ್ಪನಿಗೆ ಹೊಸ ಚಪ್ಪಲಿ ಕೊಡಿಸಿದಳು. ಇವರು ಆ ದಿನವೆಲ್ಲ ಅದನ್ನೇ ಮೆಟ್ಟಿಕೊಂಡು, ಬಂದವರನ್ನು ಗೇಟಿನಿಂದ ಲಿಫ್ಟಿನವರೆಗೆ ಕರೆದುಕೊಂಡು ಹೋಗುತ್ತ ಬರುತ್ತ ಓಡಾಡಿದರು. ಬಸವೇಶ್ವರನಗರದ ನಮ್ಮ ಮನೆಗೆ ಬಂದು ನೋಡಿದರೆ ಗುಳ್ಳೆ. ಅದು ಒಡೆದು ಗಾಯವಾಯಿತು. ಹದಿನೈದು ದಿನ ಕಳೆದರೂ ಒಣಗಲಿಲ್ಲ.

"ನೋವೇ ಇಲ್ವಲ್ಲೇ. ಅದರ ಪಾಡಿಗೆ ಅದು ಹೋಗುತ್ತೆ ಬಿಡು" ಅಂದರು. ಸಕ್ಕರೆ ಕಾಯಿಲೆಯವರಿಗೆ ನೋವಿಲ್ಲದಿರುವುದೇ ಕೆಟ್ಟದ್ದು ಎಂದು ಆಗ ನಮಗೆ ತಿಳಿದಿರಲಿಲ್ಲ.

ಅಲ್ಲಿಂದ ಐದಾರು ತಿಂಗಳು ನಾವು ಯಾರ ಮದುವೆಗೂ ಹೋಗಲಿಲ್ಲ, ನಾಮಕರಣಕ್ಕೂ ಹೋಗಲಿಲ್ಲ. ಫೋನ್ ಮಾಡಿ ಕೇಳಿದ ನೆಂಟರಿಗೆಲ್ಲ ಒಂದೊಂದು ಸುಳ್ಳು ಹೇಳಿದ್ದೇನೆ. ಈಗ ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ. ಮರ್ಯಾದೆ ಹೋಗುವುದಿದ್ದರೆ ನನ್ನದೇ.

ರಾಜಾಜಿನಗರದ ಆಸ್ಪತ್ರೆಯಲ್ಲಿ ಡಾಕ್ಟರು ಗಾಯವನ್ನು ನೋಡಿದರು. ಆಮೇಲೆ ಬ್ಲಡ್ ರಿಪೋರ್ಟ್ ನೋಡಿದರು. ಅದನ್ನು ಎರಡು ಸಲ ನೋಡಿದರು.

"ಶುಗರ್ ಹೀಗೇ ಇದ್ರೆ ಗಾಯ ಒಣಗಲ್ಲ. ಇನ್ಫೆಕ್ಷನ್ ಮೂಳೆಗೆ ಇಳಿದ್ರೆ ಬೆರಳು ತೆಗೀಬೇಕಾಗುತ್ತೆ."

ಬೆರಳು ತೆಗೆಯುವುದು.

ಇವರು ಕೈಗಾರಿಕಾ ವಸಾಹತಿನಲ್ಲಿ ಮೂವತ್ತೆಂಟು ವರ್ಷ ಲೇತ್ ಮೆಷಿನ್ ಮುಂದೆ ನಿಂತು ಕೆಲಸ ಮಾಡಿದವರು. ಹತ್ತು ಬೆರಳನ್ನೂ ಜೋಪಾನವಾಗಿ ಮನೆಗೆ ತಂದವರು. ಆಟೋದಲ್ಲಿ ಬರುವಾಗ ನನ್ನ ತಲೆಯೊಳಗೆ ಡಾಕ್ಟರು ಕೊನೆಯಲ್ಲಿ ಕೇಳಿದ ಪ್ರಶ್ನೆಯೇ ಕೊರೆಯುತ್ತಿತ್ತು. "ಊಟದಲ್ಲಿ ಪಥ್ಯ ಮಾಡ್ತಾರಾ? ಇನ್ಸುಲಿನ್ ಸರಿಯಾಗಿ ತೊಗೋತಾರಾ?"

ಇನ್ಸುಲಿನ್ ಬಗ್ಗೆ ನನಗೆ ಅನುಮಾನವೇ ಇರಲಿಲ್ಲ. ಎರಡು ವರ್ಷದಿಂದ ಬೆಳಿಗ್ಗೆ ಸಂಜೆ ಚುಚ್ಚುವವಳು ನಾನೇ. ಕಬ್ಬಿಣ ಕೊರೆದ ಮನುಷ್ಯ ಸೂಜಿ ಕಂಡರೆ ಗೋಡೆ ಕಡೆ ಮುಖ ತಿರುಗಿಸುತ್ತಾರೆ. ಶುರುವಿನಲ್ಲಿ ತೊಡೆಗೆ ಚುಚ್ಚಿದರೆ "ಅಯ್ಯೋ" ಅನ್ನುತ್ತಿದ್ದರು. ಹುಡುಕಿ ಹುಡುಕಿ ಹೊಕ್ಕಳಿನಿಂದ ಎಡಕ್ಕೆ ನಾಲ್ಕು ಬೆರಳು ಬಿಟ್ಟು ಒಂದು ಜಾಗ ಕಂಡುಕೊಂಡೆ. ಅಲ್ಲಿ ಅವರಿಗೆ ನೋವಾಗುತ್ತಿರಲಿಲ್ಲ. ನಾನು ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಕೆಲಸ ಮಾಡಿದವಳು. ಗುಂಡಿ ಒಂದು ನೂಲಿನಷ್ಟು ಆಚೀಚೆ ಇದ್ದರೂ ಶರ್ಟ್ ವಾಪಸ್ ಕಳಿಸುತ್ತಿದ್ದೆ. ಅಂಥವಳು ಜಾಗ ತಪ್ಪುತ್ತೇನೆಯೇ? ಎರಡು ವರ್ಷ, ದಿನಕ್ಕೆ ಎರಡು ಸಲ, ಅದೇ ಜಾಗ. ಆ ಬಗ್ಗೆ ನನಗೆ ಹೆಮ್ಮೆಯಿತ್ತು.

ಇನ್ಸುಲಿನ್ ಸರಿ ಇದೆ ಅಂದಮೇಲೆ ತಪ್ಪಿರುವುದು ಬಾಯಲ್ಲಿ. ಕದ್ದು ತಿನ್ನುತ್ತಿದ್ದಾರೆ. ನನ್ನ ಲೆಕ್ಕ ಅಷ್ಟೇ ನೇರವಾಗಿತ್ತು.

ಡಾಕ್ಟರು ಡೋಸ್ ಇಪ್ಪತ್ತೆಂಟು ಯೂನಿಟ್‌ಗೆ ಏರಿಸಿದರು. ಶುಗರ್ ಇಳಿಯಲಿಲ್ಲ. ಮೂವತ್ತಾರಕ್ಕೆ ಏರಿಸಿದರು. ಒಂದು ದಿನ ಇನ್ನೂರ ಎಂಬತ್ತು, ಮಾರನೆಯ ದಿನ ನೂರ ಹತ್ತು, ಅದರ ಮಾರನೆಯ ದಿನ ಮುನ್ನೂರು. ಗ್ಲುಕೋಮೀಟರ್ ತೋರಿಸುವ ಒಂದೊಂದು ನಂಬರಿಗೂ ನಾನು ಇವರ ಮುಖ ನೋಡುತ್ತಿದ್ದೆ.

ಮೊದಲು ಸಕ್ಕರೆ ಡಬ್ಬಿಯ ಹೊರಗೆ ಪೆನ್ನಿನಲ್ಲಿ ಗೆರೆ ಎಳೆದೆ. ಆಮೇಲೆ ಬಿಸ್ಕತ್ತು ಎಣಿಸಿದೆ. ಒಗೆಯುವ ಮೊದಲು ಶರ್ಟಿನ ಜೇಬು ತಿರುವಿ ಮೂಸಿದೆ. ಹೌದು, ಮೂಸಿದೆ. ಹೊರಗೆ ಹೋಗಿ ಬಂದವರನ್ನು "ಬಾಯಿ ಆ ಅನ್ನಿ" ಎಂದು ಒಂದು ಸಲ ಬಾಗಿಲಲ್ಲೇ ನಿಲ್ಲಿಸಿದ್ದೂ ಉಂಟು. ರೂಪಾ ಬಂದಾಗ ಅವಳ ಬ್ಯಾಗನ್ನೂ ಬಿಡಲಿಲ್ಲ. ಅಪ್ಪ ಅಂದರೆ ಪ್ರಾಣ ಬಿಡುವವಳು, ಏನಾದರೂ ತಂದು ಕೊಡುತ್ತಿರಬಹುದು ಎಂಬ ಗುಮಾನಿ.

"ಅಮ್ಮಾ, ನೀನೇನು ಏರ್‌ಪೋರ್ಟ್ ಸೆಕ್ಯುರಿಟಿನಾ?" ಅಂದಳು. ನಗುತ್ತ ಅಂದಳು, ಆದರೆ ಆ ವಾರ ಮತ್ತೆ ಬರಲಿಲ್ಲ.

ಸಕ್ಕರೆ ಗೆರೆ ಬಿಟ್ಟು ಕದಲಲಿಲ್ಲ. ಬಿಸ್ಕತ್ತೂ ಕಮ್ಮಿಯಾಗಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಸುಮ್ಮನಾಗುತ್ತಿದ್ದರು. ನನಗೆ ಇನ್ನೂ ಜಾಸ್ತಿಯಾಯಿತು. ಮನೆಯಲ್ಲಿ ತಿನ್ನುತ್ತಿಲ್ಲ ಅಂದರೆ ಹೊರಗೆ ತಿನ್ನುತ್ತಿದ್ದಾರೆ. ಕಾಲಿಗೆ ಡ್ರೆಸ್ಸಿಂಗ್ ಇದ್ದರೂ, ಮನೆಯಲ್ಲಿರಿ ಎಂದು ಎಷ್ಟು ಬಡಿದುಕೊಂಡರೂ, ಗೆಳೆಯ ರಂಗಸ್ವಾಮಿಯವರ ಸ್ಕೂಟರ್ ಹತ್ತಿ ಪಾರ್ಕಿಗೆ ಹೋಗಿ ಕೂತು ಬರುತ್ತಿದ್ದರು. ಅಷ್ಟು ಆಸೆ ಪಟ್ಟು ಹೋಗಲು ಅಲ್ಲೇನಿದೆ? ಪಾರ್ಕಿನ ಎದುರಿಗೆ ಬೇಕರಿ ಇದೆ!

ಒಂದು ಬೆಳಿಗ್ಗೆ ತಲೆಗೆ ಶಾಲು ಸುತ್ತಿ, ಮಾಸ್ಕ್ ಹಾಕಿಕೊಂಡು ಸ್ಕೂಟರಿನ ಹಿಂದೆಯೇ ನಡೆದು ಹೋದೆ. ಅರವತ್ತೊಂದನೆಯ ವಯಸ್ಸಿನಲ್ಲಿ ಗಂಡನ ಹಿಂದೆ ಪತ್ತೇದಾರಿ. ಬೇಕರಿ ಮುಂದೆ ಇವರು ನಿಂತಿದ್ದಾರೆ. ಕೈಯಲ್ಲಿ ಕಾಗದ, ಕಾಗದದ ಮೇಲೆ ಸಿಹಿ ಕೊಬ್ಬರಿ ತುಂಬಿದ ದಪ್ಪನೆಯ ದಿಲ್‌ಪಸಂದ್ ತುಂಡು.

"ಸಿಕ್ಕಿಬಿದ್ರಾ!" ಎಂದು ಕೂಗಿದೆ. ಟೀ ಕುಡಿಯುತ್ತಿದ್ದವರೆಲ್ಲ ತಿರುಗಿ ನೋಡಿದರು. "ಬೆರಳು ಕತ್ತರಿಸ್ತಾರೆ ಅಂದ್ರೂ ನಾಲಿಗೆ ಬಿಗಿ ಹಿಡಿಯಕ್ಕಾಗಲ್ವಾ ನಿಮಗೆ? ನಾನು ಯಾರಿಗೋಸ್ಕರ ಒದ್ದಾಡ್ತಿದೀನಿ?"

ಪಕ್ಕದ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದ ರಂಗಸ್ವಾಮಿ ಓಡಿ ಬಂದರು. "ಸರೋಜಮ್ಮನವ್ರೇ, ಅದು ನಂದು. ಕೈ ತೊಳ್ಕೊಂಡು ಬರ್ತೀನಿ, ಹಿಡ್ಕೊಂಡಿರಪ್ಪ ಅಂತ ನಾನೇ ಕೊಟ್ಟಿದ್ದು."

"ಸ್ನೇಹಿತರ ಪರ ವಹಿಸ್ಕೊಂಡು ಬರ್ಬೇಡಿ" ಅಂದೆ.

ಇವರು ಆ ತುಂಡನ್ನು ರಂಗಸ್ವಾಮಿಯವರ ಕೈಗೆ ಕೊಟ್ಟರು. ಕಾಗದದ ಚೂರನ್ನು ಮಡಿಸಿ ಬುಟ್ಟಿಗೆ ಹಾಕಿದರು. ಕುಂಟುತ್ತ ಮನೆಗೆ ನಡೆದರು. ದಾರಿಯುದ್ದಕ್ಕೂ ನಾನು ಬಯ್ಯುತ್ತಲೇ ಇದ್ದೆ. ತಪ್ಪು ಮಾಡದವರು ಮಾತಾಡುತ್ತಾರೆ, ಸುಮ್ಮನಿರುವುದೇಕೆ ಎಂದು ಅದಕ್ಕೂ ಬಯ್ದೆ.

ಮರುದಿನದಿಂದ ಪಾರ್ಕಿಗೆ ಹೋಗುವುದನ್ನು ಬಿಟ್ಟರು. ತಟ್ಟೆಯ ಮುಂದೆ ಕೂತು ಅರ್ಧ ಮುದ್ದೆ ಸಾಕು ಅಂದರು. ಆಮೇಲೆ ಕಾಲು ಮುದ್ದೆ. "ಊಟಾನೇ ಬಿಡ್ತೀನಿ ಕಣೇ. ಆಗ್ಲಾದ್ರೂ ನಂಬ್ತೀಯಾ?" ಅಂದರು.

ನಾಟಕ ಅಂದುಕೊಂಡೆ. ದೇವರಾಣೆ, ಹಾಗೇ ಅಂದುಕೊಂಡೆ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ. ಅವತ್ತೇ ಸಕ್ಕರೆ ಡಬ್ಬಿ, ಬೆಲ್ಲ, ಜೇನುತುಪ್ಪ, ಬಿಸ್ಕತ್ತು ಎಲ್ಲವನ್ನೂ ಎತ್ತಿಕೊಂಡು ಹೋಗಿ ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗಿಟ್ಟು ಬೀಗ ಹಾಕಿದೆ.

ನಾಲ್ಕನೆಯ ದಿನ ಮಧ್ಯಾಹ್ನ ಹನ್ನೆರಡರ ಹೊತ್ತು. ನಾನು ಅಡುಗೆಮನೆಯಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದೆ. ಹಾಲ್‌ನಿಂದ ಏನೋ ಬಿದ್ದ ಸದ್ದು. ಹೋಗಿ ನೋಡಿದರೆ ಟಿವಿ ರಿಮೋಟ್ ನೆಲದ ಮೇಲೆ, ಇವರು ಕುರ್ಚಿಯಲ್ಲಿ. ಶರ್ಟ್ ತೊಯ್ದು ಬೆನ್ನಿಗೆ ಅಂಟಿದೆ. ಕೈ ನಡುಗುತ್ತಿದೆ. ಹೆಸರು ಹಿಡಿದು ಯಾವತ್ತೂ ಕರೆಯದವಳು "ನಂಜುಂಡಪ್ಪಾ" ಎಂದು ಕಿರುಚಿದೆ. ಕಣ್ಣು ನನ್ನ ಕಡೆ ತಿರುಗಿತು, ಗುರುತು ಹತ್ತಲಿಲ್ಲ.

ಬೆರಳು ಚುಚ್ಚಿ ನೋಡಿದೆ. ಐವತ್ತೆರಡು.

ಶುಗರ್ ಏರಿದರೆ ವರ್ಷಗಟ್ಟಲೆ ಕೊಲ್ಲುತ್ತದೆ, ಇಳಿದರೆ ನಿಮಿಷದಲ್ಲಿ ಕೊಲ್ಲುತ್ತದೆ ಎಂದು ಡಾಕ್ಟರು ಹೇಳಿದ್ದರು. ಸಕ್ಕರೆ ಬೇಕು. ಈಗಲೇ ಬೇಕು. ಅಡುಗೆಮನೆಗೆ ಓಡಿದೆ. ಡಬ್ಬಿ ಇರುತ್ತಿದ್ದ ಜಾಗ ಖಾಲಿ. ಬೀರುವಿಗೆ ಓಡಿದೆ. ಬೀಗ. ಬೀಗದ ಕೈ ಎಲ್ಲಿ? ಇವರಿಗೆ ಸಿಗಬಾರದೆಂದು ದಿನಕ್ಕೊಂದು ಕಡೆ ಇಡುತ್ತಿದ್ದೆ. ಅಕ್ಕಿ ಡಬ್ಬದಲ್ಲಿ ಇಲ್ಲ. ದಿಂಬಿನ ಕೆಳಗೆ ಇಲ್ಲ. ದೇವರ ಪಟದ ಹಿಂದೆಯೂ ಇಲ್ಲ. ಕೊನೆಗೆ ಸೊಂಟಕ್ಕೆ ಕೈ ಹೋಯಿತು. ನನ್ನ ಸೆರಗಿನ ತುದಿಯಲ್ಲೇ ಗಂಟು ಹಾಕಿಕೊಂಡಿದ್ದೆ.

ಸೀರೆಗಳನ್ನೆಲ್ಲ ನೆಲಕ್ಕೆಳೆದು ಡಬ್ಬಿ ತಂದೆ. ಚಮಚವೂ ಬೇಡ ಎಂದು ಮುಷ್ಟಿಯಲ್ಲಿ ಸಕ್ಕರೆ ತೆಗೆದು ತುಟಿಗೆ ಒತ್ತಿದೆ. ಇವರು ಹಲ್ಲು ಕಚ್ಚಿ ಬಾಯಿ ಮುಚ್ಚಿಕೊಂಡರು. ತಲೆ ಆ ಕಡೆ ಈ ಕಡೆ ಆಡಿಸಿದರು.

"ಬೇಡ" ಅಂದರು. ಮಾತು ತೊದಲುತ್ತಿತ್ತು. "ಬೇಡ. ಅವಳು ಬೈತಾಳೆ."

ಅವಳು. ನಾನೇ.

"ಬೈಯಲ್ಲ ಕಣ್ರೀ, ತಿನ್ನಿ. ನಿಮ್ಮ ಕಾಲಿಗೆ ಬೀಳ್ತೀನಿ, ತಿನ್ನಿ" ಎಂದು ಅಳುತ್ತ ದವಡೆ ಬಿಡಿಸಿ ಒಳಗೆ ತುರುಕಿದೆ. ಹತ್ತು ನಿಮಿಷದಲ್ಲಿ ನಡುಕ ಇಳಿಯಿತು. ಸುತ್ತ ನೋಡಿದರು. ನೆಲದ ಮೇಲೆಲ್ಲ ಸಕ್ಕರೆ, ರೂಮಿನ ಬಾಗಿಲವರೆಗೆ ಸೀರೆ. "ಏನಾಯ್ತೇ ಸರೋಜಾ? ಯಾರು ಬಂದಿದ್ರು?" ಅಂದರು. ನಾನು ಅವರ ಮೊಣಕಾಲಿಗೆ ತಲೆಯಿಟ್ಟು ಅತ್ತೆ. ನಲವತ್ತು ವರ್ಷದ ಸಂಸಾರದಲ್ಲಿ ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿಲ್ಲ.

ರೂಪಾ ಕಾರು ತಂದಳು. ಆಸ್ಪತ್ರೆಯಲ್ಲಿ ಡಾಕ್ಟರು ನನ್ನ ನೋಟ್‌ಬುಕ್ಕಿನ ನಂಬರುಗಳನ್ನು ನೋಡಿ, "ಇದು ಬರೀ ತಿಂಡಿ ಊಟದ ಏರಿಳಿತ ಅಲ್ಲಮ್ಮ, ಬೇರೆ ಏನೋ ಇದೆ" ಅಂದು ಸಿಸ್ಟರನ್ನು ಕರೆದರು. ಚಿಕ್ಕ ವಯಸ್ಸಿನ ಹುಡುಗಿ, ಹುಬ್ಬಳ್ಳಿ ಕಡೆಯ ಮಾತು. ಶರ್ಟ್ ಎತ್ತಿಸಿ ಹೊಟ್ಟೆಯ ಮೇಲೆ ಬೆರಳಾಡಿಸುತ್ತ ಹೋದವಳು ಹೊಕ್ಕಳಿನ ಎಡಕ್ಕೆ ನಿಂತಳು.

"ಅಮ್ಮಾರ, ದಿನಾ ಇಲ್ಲೇ ಚುಚ್ಚತೀರೇನು?"

"ಹೌದು. ಒಂದು ದಿನಾನೂ ಜಾಗ ತಪ್ಪಿಸಿಲ್ಲ" ಅಂದೆ.

ನನ್ನ ಕೈ ಹಿಡಿದು ಅಲ್ಲಿ ಇಟ್ಟಳು. ಚರ್ಮದ ಕೆಳಗೆ ನಿಂಬೆಹಣ್ಣಿನಷ್ಟು ಗಟ್ಟಿ ಗಂಟು. ದಿನಕ್ಕೆರಡು ಸಲ ನೋಡುತ್ತಿದ್ದೆ, ಸೂಜಿ ತೂರುವಷ್ಟು ಜಾಗ ಮಾತ್ರ ನೋಡುತ್ತಿದ್ದೆ. ಒಂದು ದಿನವೂ ಅಂಗೈ ಇಟ್ಟು ತಡವಿರಲಿಲ್ಲ.

ಡಾಕ್ಟರು ಬಿಡಿಸಿ ಹೇಳಿದರು. ಒಂದೇ ಕಡೆ ಚುಚ್ಚಿ ಚುಚ್ಚಿ ಅಲ್ಲಿ ಕೊಬ್ಬು ಗಂಟು ಕಟ್ಟಿದೆ. ಅಲ್ಲಿ ಚುಚ್ಚಿದರೆ ನೋವಾಗುವುದಿಲ್ಲ, ಆದರೆ ಇನ್ಸುಲಿನ್ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಒಂದು ದಿನ ಅಲ್ಲೇ ನಿಲ್ಲುತ್ತದೆ, ಇನ್ನೊಂದು ದಿನ ಯಾವಾಗಲೋ ಹರಿಯುತ್ತದೆ. ಊಟವಿಲ್ಲದ ಹೊಟ್ಟೆಯಲ್ಲಿ ಅವತ್ತು ಹರಿದಿತ್ತು. "ಜಾಗ ಬದಲಾಯಿಸ್ತಾ ಇರ್ಬೇಕು ಅಂತ ಮೊದಲ ದಿನ ಹೇಳಿರ್ತಾರಲ್ಲಮ್ಮ?"

ಹೇಳಿದ್ದರು. ಇವರಿಗೆ ನೋವಾಗುವುದು ಬೇಡ ಎಂದು ನಾನೇ ಕಿವಿಗೆ ಹಾಕಿಕೊಂಡಿರಲಿಲ್ಲ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದೆಲೆಯ ನೊಣ ಹುಡುಕುವುದು ಅಂದರೆ ಇದೇ.

ಆಗ ಸಿಸ್ಟರ್ ಇವರನ್ನು ಕೇಳಿದಳು. "ಅಜ್ಜಾರ, ನಿಮಗರ ಗೊತ್ತಾಗಲಿಲ್ಲೇನು, ಇಷ್ಟು ದೊಡ್ಡದೈತಿ?"

ಇವರು ಛಾವಣಿ ನೋಡಿದರು. "ಗೊತ್ತಿತ್ತು" ಅಂದರು.

ಗೃಹಪ್ರವೇಶಕ್ಕೂ ಮೊದಲೇ, ಸ್ನಾನ ಮಾಡುವಾಗ ಕೈಗೆ ಸಿಕ್ಕಿತ್ತಂತೆ. ಇವರ ಅಣ್ಣ ಹೊಟ್ಟೆಯ ಗಡ್ಡೆಯಿಂದ ಹೋದವರು. ತನಗೂ ಅದೇ ಬಂತು ಎಂದುಕೊಂಡರು. ಮಗಳ ಮನೆಯ ಶುಭಕಾರ್ಯ ಮುಗಿಯಲಿ ಎಂದು ಬಾಯಿ ಮುಚ್ಚಿಕೊಂಡರು. ಆಮೇಲೆ ಕಾಲಿನ ಗಾಯ ಬಂತು, ನಾನು ಹುಚ್ಚಿಯ ಹಾಗೆ ಆಡತೊಡಗಿದೆ, ಇದನ್ನೂ ಹೇಳಿದರೆ ಇವಳು ಉಳಿಯುವುದಿಲ್ಲ ಎಂದು ಹೇಳಲೇ ಇಲ್ಲ. ಪಾರ್ಕಿಗೆ ಹೋಗುತ್ತಿದ್ದದ್ದು ರಂಗಸ್ವಾಮಿಯವರ ಜೊತೆ ಅದನ್ನೇ ಮಾತಾಡಲಿಕ್ಕೆ.

ಎಂಥ ಮನುಷ್ಯರಪ್ಪಾ! ಸಿಟ್ಟೂ ಬಂತು, ಕನಿಕರವೂ ಬಂತು. ಇವರು ಏನೋ ಮುಚ್ಚಿಡುತ್ತಿದ್ದಾರೆ ಎಂದು ನನಗೆ ಅನ್ನಿಸಿದ್ದು ಸುಳ್ಳಲ್ಲ. ನಾನು ಹುಡುಕಿದ್ದು ಮಾತ್ರ ಜೇಬಿನಲ್ಲಿ, ಡಬ್ಬಿಯಲ್ಲಿ. ಏನ್ರೀ ಯೋಚನೆ ಎಂದು ಆ ಮೂರು ತಿಂಗಳಲ್ಲಿ ಒಂದು ಸಲವೂ ಕೇಳಿರಲಿಲ್ಲ.

ಹೊಸ ಜಾಗಕ್ಕೆ ಚುಚ್ಚಿದರೆ ಇನ್ಸುಲಿನ್ ಪೂರ್ತಿ ಕೆಲಸ ಮಾಡುತ್ತದೆ ಎಂದು ಡಾಕ್ಟರು ಡೋಸನ್ನು ಇಪ್ಪತ್ತನಾಲ್ಕಕ್ಕೆ ಇಳಿಸಿದರು. ಈಗ ಸೋಮವಾರ ಬಲತೊಡೆ, ಮಂಗಳವಾರ ಎಡತೊಡೆ ಎಂದು ಕ್ಯಾಲೆಂಡರಿನಲ್ಲಿ ಬರೆದಿದ್ದೇನೆ. ಚುಚ್ಚುವ ಮೊದಲು ಕೈಯಾಡಿಸಿ ನೋಡುತ್ತೇನೆ. ನೋವಾಗುತ್ತದೆ. "ಅಯ್ಯೋ" ಅನ್ನುತ್ತಾರೆ. ಅನ್ನಲಿ.

ಗಾಯ ಮುಚ್ಚಲು ಇನ್ನೂ ಎರಡು ತಿಂಗಳು ಹಿಡಿಯಿತು. ಉಗುರು ಹೋಯಿತು, ಚರ್ಮ ಕಪ್ಪಾಗಿದೆ, ಬೆರಳು ಉಳಿದಿದೆ. ಸದ್ಯಕ್ಕೆ ಉಳಿದಿದೆ ಎಂದು ಡಾಕ್ಟರು ಅಂದಿದ್ದಾರೆ, ನಾನೂ ಅಷ್ಟೇ ಹೇಳುತ್ತೇನೆ. ಕಣ್ಣಲ್ಲಿ ಕಣ್ಣಿಟ್ಟು ಕಾಯುವುದು ಮುಗಿದಿಲ್ಲ. ಆ ಹುಬ್ಬಳ್ಳಿಯ ಹುಡುಗಿ ಎಲ್ಲಿದ್ದರೂ ಚೆನ್ನಾಗಿರಲಿ.

ಕಳೆದ ಭಾನುವಾರ ವಿಜಯನಗರದಲ್ಲಿ ನಮ್ಮ ಬಂಧುಗಳ ಮದುವೆ. ನನಗೆ ಜ್ವರ, ಹೋಗಲಾಗಲಿಲ್ಲ. ಇವರೊಬ್ಬರೇ ಹೋಗಿಬಂದರು. ಬಂದವರು ಚಪ್ಪಲಿ ಬಿಟ್ಟು, ಕಾಲು ತೊಳೆದು, ಬೆರಳುಗಳ ಸಂದಿ ಒರೆಸಿಕೊಂಡು, ಮಂಚದ ಪಕ್ಕದ ಕುರ್ಚಿಯಲ್ಲಿ ಕೂತರು. ನಾನು ಏನೂ ಕೇಳಲಿಲ್ಲ. ಬಾಯಿ ತನಕ ಬಂದಿತ್ತು, ನುಂಗಿಕೊಂಡೆ.

"ಅರ್ಧ ಒಬ್ಬಟ್ಟು ತಿಂದೆ ಕಣೇ" ಅಂದರು, ತಾವಾಗಿಯೇ.

"ಆಯ್ತು ಬಿಡಿ" ಅಂದೆ. ಮನಸ್ಸು ತಡೆಯಲಿಲ್ಲ. "ಅರ್ಧಾನೇ?"

ಸ್ವಲ್ಪ ಹೊತ್ತು ಫ್ಯಾನ್ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಮುಕ್ಕಾಲು" ಅಂದರು.